ತಂದೆ-ತಾತಂದಿರ ನೆನಪು: ಹೆಸರಿನ ಆಚೆಗಿನ ಬಾಳು

ಮನೆಯ ಹಿರಿಯರೊಬ್ಬರು ತೀರಿಕೊಂಡ ಮೇಲೆ ಮಕ್ಕಳಿಗೆ ತಂದೆಯಾಗಿಯೂ ಮೊಮ್ಮಕ್ಕಳಿಗೆ ತಾತನಾಗಿಯೂ ಎರಡು ಬಗೆಯಲ್ಲಿ ನೆನಪಾಗುತ್ತಾರೆ. ಮಕ್ಕಳು ಹೆಚ್ಚಾಗಿ ದುಡಿಮೆಯ ದಿನಗಳ ಕಟ್ಟುನಿಟ್ಟಿನ ಮನುಷ್ಯನನ್ನು ಕಂಡಿದ್ದರೆ, ಮೊಮ್ಮಕ್ಕಳು ಬಿಡುವಿನ ದಿನಗಳ ಅಕ್ಕರೆಯ ಮನುಷ್ಯನನ್ನು ಕಂಡಿರುತ್ತಾರೆ. ಕಣ್ಣಾರೆ ಕಂಡವರು ಬದುಕಿರುವವರೆಗೆ ಮಾತ್ರ ಇಂಥ ನೆನಪು ಬಾಳುತ್ತದೆ. ಇದನ್ನು ಅರಿತೇ ಕನ್ನಡ ನಾಡಿನ ಸಮುದಾಯಗಳು ವಿಧಿ, ಕಲ್ಲು, ಹೆಸರು, ವಂಶಾವಳಿ ಎಂಬ ಹಲವು ದಾರಿಗಳಿಂದ ತಮ್ಮ ಹಿರಿಯರನ್ನು ಉಳಿಸಿಕೊಳ್ಳಲು ಯತ್ನಿಸಿವೆ. ಈ ದಾರಿಗಳು ಏನನ್ನು ಕಾಪಾಡಿವೆ, ಯಾವುದನ್ನು ಕೈಬಿಟ್ಟಿವೆ ಎಂಬುದನ್ನು ತಿಳಿದರೆ ಇಂದಿನ ಕುಟುಂಬಗಳ ಪಾಲಿಗೆ ಉಳಿದಿರುವ ಕೆಲಸವೂ ಸ್ಪಷ್ಟವಾಗುತ್ತದೆ.

ವೈದಿಕ ಸಂಪ್ರದಾಯದ ಶ್ರಾದ್ಧದಲ್ಲಿ, ಅಂದರೆ ತೀರಿಕೊಂಡ ತಿಥಿಯಂದು ವರ್ಷಕ್ಕೊಮ್ಮೆ ನಡೆಸುವ ಪಿತೃಕಾರ್ಯದಲ್ಲಿ, ಕರ್ತೃವು ತಂದೆ, ತಾತ, ಮುತ್ತಾತ ಎಂಬ ಮೂವರನ್ನು ಹೆಸರು ಮತ್ತು ಗೋತ್ರಗಳಿಂದ ಕರೆದು, ಅವರನ್ನು ಕ್ರಮವಾಗಿ ವಸು, ರುದ್ರ, ಆದಿತ್ಯ ಸ್ವರೂಪರೆಂದು ಭಾವಿಸಿ ಪಿಂಡವನ್ನು ಅರ್ಪಿಸುತ್ತಾನೆ. ಹೊಸದಾಗಿ ತೀರಿಕೊಂಡವರನ್ನು ಪಿತೃಗಳ ಸಾಲಿಗೆ ಸೇರಿಸುವ ವಿಧಿಗೆ ಸಪಿಂಡೀಕರಣವೆಂದು ಹೆಸರು. ಇದು ನಡೆದಾಗ ಸಾಲಿನ ತುದಿಯಲ್ಲಿದ್ದವರು ಪಿಂಡ ಪಡೆಯುವ ಮೂವರಿಂದ ಹೊರಗಾಗುತ್ತಾರೆ. ಮುತ್ತಾತನಿಗಿಂತ ಹಿಂದಿನವರನ್ನು ಕಂಡವರು ಮನೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ, ಈ ಮೂರು ತಲೆಮಾರಿನ ಮಿತಿಯು ಮನುಷ್ಯರ ಜೀವಂತ ನೆನಪಿನ ಮಿತಿಗೆ ಬಹಳ ಹತ್ತಿರದಲ್ಲಿದೆ.

ಭಾದ್ರಪದ ಮಾಸದ ಕೃಷ್ಣಪಕ್ಷವು ಪಿತೃಪಕ್ಷವೆನಿಸಿದ್ದು, ಅದರ ಕೊನೆಯ ದಿನವಾದ ಮಹಾಲಯ ಅಮಾವಾಸ್ಯೆಯು ತೀರಿಕೊಂಡ ತಿಥಿ ತಿಳಿಯದ ಹಿರಿಯರಿಗೂ ಸಲ್ಲುತ್ತದೆ. ಹಳೆಯ ಮೈಸೂರು ಸೀಮೆಯ ಅನೇಕ ರೈತಾಪಿ ಮನೆಗಳಲ್ಲಿ ಇದೇ ಹಿರಿಯರ ಹಬ್ಬವಾಗಿದ್ದು, ಅಂದು ಹೊಸ ಬಟ್ಟೆಯನ್ನಿಟ್ಟು ಪೂಜಿಸಿ, ತೀರಿಕೊಂಡವರು ಇಷ್ಟಪಡುತ್ತಿದ್ದ ಅಡುಗೆಯನ್ನು ಬಾಳೆಯೆಲೆಯ ಮೇಲೆ ಎಡೆಯಾಗಿ ಬಡಿಸುತ್ತಾರೆ. ಬಾಡೂಟ ಮೆಚ್ಚುತ್ತಿದ್ದವರಿಗೆ ಬಾಡೂಟ, ಎಲೆಯಡಿಕೆ ಹಾಕುತ್ತಿದ್ದವರಿಗೆ ಎಲೆಯಡಿಕೆ ಸಲ್ಲುತ್ತದೆ. ಶ್ರಾದ್ಧವು ಹಿರಿಯರ ಹೆಸರನ್ನು ಉಳಿಸಿದರೆ ಎಡೆಯು ಅವರ ರುಚಿಯನ್ನೂ ಉಳಿಸುತ್ತದೆ; ತಾತನನ್ನು ಕಾಣದ ಮಗುವೂ ಆತ ಏನನ್ನು ಮೆಚ್ಚಿ ತಿನ್ನುತ್ತಿದ್ದನೆಂಬುದನ್ನು ಈ ದಿನ ತಿಳಿಯುತ್ತದೆ. ಕೊಡವರಲ್ಲಿ ಒಬ್ಬ ಮೂಲಪುರುಷನಿಂದ ಇಳಿದುಬಂದ ಕುಲಕ್ಕೆ ಒಕ್ಕವೆಂದು ಹೆಸರು. ಆ ಮೂಲಪುರುಷನನ್ನು ಗುರುಕಾರೋಣನೆಂದು ಪೂಜಿಸುವ ರೂಢಿಯಿದ್ದು, ಒಕ್ಕದ ಮೂಲಮನೆಯಾದ ಐನ್‌ಮನೆಯ ಬಳಿ ಹಿರಿಯರಿಗೆಂದೇ ಕಟ್ಟಿದ ಕೈಮಡವೆಂಬ ಗುಡಿಯು ಈ ಪೂಜೆಗೆ ನೆಲೆಯಾಗಿರುತ್ತದೆ.

ನೆನಪನ್ನು ಕಲ್ಲಿಗೆ ಒಪ್ಪಿಸುವ ಪದ್ಧತಿಯೂ ಈ ನಾಡಿನಲ್ಲಿ ಹಳೆಯದು. ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯಲ್ಲಿ ದೊರೆತ 9ನೆಯ ಶತಮಾನದ ನಿಸಿಧಿಗಲ್ಲು, ಅಂದರೆ ಜೈನ ವಿಧಿಯಂತೆ ದೇಹಬಿಟ್ಟವರ ಸ್ಮಾರಕಶಿಲೆ, ಗಂಗ ದೊರೆ ಎರೆಗಂಗ ನೀತಿಮಾರ್ಗನ ಕೊನೆಯ ಗಳಿಗೆಯನ್ನು ಚಿತ್ರಿಸುತ್ತದೆ. ಇದನ್ನು ನಿಲ್ಲಿಸಿದವನು ಆತನ ಮಗ ಸತ್ಯವಾಕ್ಯ. ಆ ಕಾಲದ ಗಂಗರಲ್ಲಿ ನೀತಿಮಾರ್ಗ, ಸತ್ಯವಾಕ್ಯ ಎಂಬ ಬಿರುದುಗಳು ಬಹುಮಟ್ಟಿಗೆ ಒಂದು ಬಿಟ್ಟು ಒಂದರಂತೆ ಬರುತ್ತಿದ್ದುದರಿಂದ, ತಂದೆಗಾಗಿ ಕಲ್ಲು ನಿಲ್ಲಿಸಿದ ಮಗನು ತಾತನ ಬಿರುದನ್ನು ಹೊತ್ತವನೂ ಆಗಿದ್ದನು.

ಅರಮನೆಯ ಈ ಕ್ರಮಕ್ಕೆ ಸಮೀಪವಾದ ರೂಢಿಯು ಸಾಮಾನ್ಯ ಮನೆಗಳಲ್ಲಿಯೂ ಬಹುಕಾಲ ನಡೆದುಬಂದಿದೆ. ಹಿರಿಯ ಮೊಮ್ಮಗನಿಗೆ ತಾತನ ಹೆಸರಿಡುವುದು ವಾಡಿಕೆ; ಮಾವನ ಹೆಸರನ್ನು ಸೊಸೆ ಬಾಯಲ್ಲಿ ಹೇಳಬಾರದೆಂಬ ಕಟ್ಟುಪಾಡಿದ್ದ ಕಡೆ ತಾಯಿಯು ತನ್ನ ಮಗುವನ್ನೇ ಅಯ್ಯ, ಅಪ್ಪಣ್ಣ, ತಾತಪ್ಪ ಎಂದು ಕರೆಯುತ್ತಿದ್ದಳು. ಹೀಗೆ ತೀರಿಹೋದ ಹಿರಿಯರಿಗೆ ಸಲ್ಲಬೇಕಾದ ಮರ್ಯಾದೆಯು ತೊಟ್ಟಿಲಿನಲ್ಲಿದ್ದ ಕೂಸಿಗೂ ಸಲ್ಲುತ್ತಿತ್ತು.

ಉತ್ತರ ಕರ್ನಾಟಕದಲ್ಲಿ ನೆನಪನ್ನು ಕಾಯುವುದನ್ನೇ ಕುಲಕಸುಬಾಗಿ ಮಾಡಿಕೊಂಡವರು ಹೆಳವರು. ಸುಗ್ಗಿಯ ನಂತರ ಎತ್ತಿನೊಡನೆ ಊರೂರು ಸುತ್ತುತ್ತಿದ್ದ ಇವರು ಒಕ್ಕಲು ಮನೆಗಳ ಮುಂದೆ ನಿಂತು, ಆ ಮನೆತನದ ಮೂಲ ಯಾವ ಊರು, ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರು, ಯಾರು ಎಲ್ಲಿಗೆ ವಲಸೆ ಹೋದರು ಎಂಬುದನ್ನು ರಾಗವಾಗಿ ಹೇಳಿ, ಹೊಸದಾಗಿ ಹುಟ್ಟಿದ ಮಕ್ಕಳ ಹೆಸರನ್ನು ವಂಶಾವಳಿಗೆ ಸೇರಿಸಿಕೊಂಡು, ಕಾಳುಕಡಿ, ಬಟ್ಟೆಬರೆಗಳನ್ನು ಕಾಣಿಕೆಯಾಗಿ ಪಡೆಯುತ್ತಿದ್ದರು. ಮನೆಯವರೇ ಮರೆತಿದ್ದ ಮುತ್ತಾತನ ತಂದೆಯ ಹೆಸರು ಇವರ ಬಾಯಲ್ಲಿಯೂ ಹೊತ್ತಿಗೆಯಲ್ಲಿಯೂ ಉಳಿದಿರುತ್ತಿತ್ತು.

ಇವೆಲ್ಲವೂ ಗೌರವಕ್ಕೆ ಅರ್ಹವಾದ ಏರ್ಪಾಡುಗಳೇ. ಆದರೆ ಇವು ಮುಖ್ಯವಾಗಿ ಕಾಪಾಡಿದ್ದು ಹೆಸರನ್ನು, ತಿಥಿಯನ್ನು, ಕುಲದ ಸಾಲನ್ನು. ಆ ಹೆಸರಿನ ಮನುಷ್ಯನು ಹೇಗೆ ಬಾಳಿದನೆಂಬುದನ್ನು ಕಾಪಾಡುವ ಹೊಣೆ ಮಾತಿಗೆ ಮಾತ್ರ ಉಳಿಯಿತು. ಈ ಕೊರತೆಯನ್ನು ಬರವಣಿಗೆಯು ತುಂಬಬಲ್ಲದೆಂಬುದಕ್ಕೆ ಕುವೆಂಪು (1904-1994) ಅವರ ಕುಟುಂಬದಲ್ಲಿಯೇ ಒಳ್ಳೆಯ ನಿದರ್ಶನವಿದೆ. ಮಗ ಪೂರ್ಣಚಂದ್ರ ತೇಜಸ್ವಿಯವರು ‘ಅಣ್ಣನ ನೆನಪು’ ಕೃತಿಯನ್ನೂ ಮಗಳು ತಾರಿಣಿಯವರು ‘ಮಗಳು ಕಂಡ ಕುವೆಂಪು’ ಕೃತಿಯನ್ನೂ ಬರೆದುದರಿಂದ, ಮಹಾಕವಿಯೆಂದು ನಾಡು ಬಲ್ಲ ವ್ಯಕ್ತಿಯು ಮನೆಯ ತಂದೆಯಾಗಿಯೂ ಓದುಗರಿಗೆ ಪರಿಚಿತರಾದರು. ವಿಧಿಗಳು ಹೆಚ್ಚಾಗಿ ಗಂಡುಮಕ್ಕಳಿಗೆ ಮಾತ್ರ ಒಪ್ಪಿಸಿದ್ದ ತಂದೆಯ ಸ್ಮರಣೆಗೆ ಹೆಣ್ಣುಮಕ್ಕಳೂ ಸಮಾನ ಹಕ್ಕುದಾರರೆಂಬುದನ್ನು ಇಂಥ ಬರಹವು ಕಾಣಿಸಿಕೊಡುತ್ತದೆ.

ಇದಕ್ಕೆ ಸಾಹಿತಿಯ ಮನೆಯೇ ಆಗಬೇಕೆಂದಿಲ್ಲ. ತಾತನು ಯಾವ ಬೀಜವನ್ನು ಹೇಗೆ ಆರಿಸುತ್ತಿದ್ದನು, ಬರಗಾಲದಲ್ಲಿ ಮನೆಯನ್ನು ಹೇಗೆ ನಡೆಸಿದನು, ಯಾರಿಗೆ ಸಾಲ ಕೊಟ್ಟು ಕೇಳದೆ ಬಿಟ್ಟನು, ಯಾವ ಮಾತಿಗೆ ಸಿಟ್ಟಾಗುತ್ತಿದ್ದನು ಎಂಬುದನ್ನು ಅಜ್ಜಿಯಿಂದಲೂ, ಬೇರೆ ಊರುಗಳಿಗೆ ಮದುವೆಯಾಗಿ ಹೋದ ಸೋದರತ್ತೆಯರಿಂದಲೂ, ಜೊತೆಯಲ್ಲಿ ದುಡಿದ ಆಳುಗಳಿಂದಲೂ ಕೇಳಿ ಬರೆದಿಡಬಹುದು. ಹಳೆಯ ಪಾಲುಪಟ್ಟಿ, ಲೆಕ್ಕದ ಪುಸ್ತಕ, ಕಾಗದಪತ್ರಗಳನ್ನು ಗೆದ್ದಲಿನಿಂದ ಕಾಪಾಡಿ, ಫೋಟೋಗಳ ಹಿಂದೆ ಹೆಸರು ಮತ್ತು ವರ್ಷವನ್ನು ಬರೆದು, ಬದುಕಿರುವ ಹಿರಿಯರ ಮಾತನ್ನು ಅವರದೇ ದನಿಯಲ್ಲಿ ಮೊಬೈಲಿನಲ್ಲಿ ದಾಖಲಿಸಿಕೊಳ್ಳುವುದು ಯಾವ ಮನೆಗೂ ಅಸಾಧ್ಯವಲ್ಲ. ಹೀಗೆ ಬರೆಯುವಾಗ ಹಿರಿಯರ ಗುಣದೊಂದಿಗೆ ಅವರ ಕೊರತೆಯನ್ನೂ ಸೇರಿಸುವುದು ಅಗೌರವವಲ್ಲ. ಮೊಮ್ಮಕ್ಕಳ ಮಕ್ಕಳಿಗೆ ಪೂಜೆಯ ಪಟದೊಂದಿಗೆ ಕಷ್ಟಸುಖಗಳ ನಡುವೆ ಬಾಳಿದ ಮನುಷ್ಯನೂ ಬೇಕು. ಕಂಡವರು ಇರುವಾಗಲೇ ಈ ಕೆಲಸ ನಡೆಯಬೇಕಾದ್ದರಿಂದ, ಅದು ಮುಂದಿನ ತಲೆಮಾರಿಗೆ ಬಿಡುವಂಥದ್ದಲ್ಲ, ಇಂದಿನ ಮಕ್ಕಳೂ ಮೊಮ್ಮಕ್ಕಳೂ ತಮ್ಮ ಹಿರಿಯರಿಗೆ ಸಲ್ಲಿಸಬೇಕಾದ ಋಣ.