ಸಂಬಳವಿಲ್ಲದ ಸಭಾಪಾಲಕರು

ಅಮೆರಿಕದ ಯೂಟಾ ಸಂಸ್ಥಾನದ ಯಾವುದೊಂದು ಸಾಧಾರಣ ಊರಿನಲ್ಲಾದರೂ, ವಾರವೆಲ್ಲ ದಂತವೈದ್ಯನಾಗಿಯೋ ಕೊಳಾಯಿ ರಿಪೇರಿಯವನಾಗಿಯೋ ಶಾಲೆಯ ಉಪಾಧ್ಯಾಯನಾಗಿಯೋ ದುಡಿದು ಸಂಸಾರ ಸಾಗಿಸುವ ಗೃಹಸ್ಥನೊಬ್ಬನು, ಭಾನುವಾರ ಬೆಳಗಾದೊಡನೆ ಬಿಳಿಯ ಅಂಗಿಗೆ ಟೈ ಕಟ್ಟಿ, ಮೇಲೆ ಕೋಟು ತೊಟ್ಟು, ತನ್ನ ನೆರೆಹೊರೆಯ ಕೆಲವು ನೂರು ಮಂದಿಗೆ ಧರ್ಮಾಧಿಕಾರಿಯಾಗಿ ಪ್ರಾರ್ಥನಾಮಂದಿರದ ವೇದಿಕೆಯ ಮೇಲೆ ಕುಳಿತಿರುವುದನ್ನು ಕಾಣಬಹುದು. ಈ ಅಧಿಕಾರಕ್ಕೆ ಬಿಡಿಕಾಸಿನ ಸಂಬಳವಿಲ್ಲ. ಅದನ್ನು ಬಯಸಿ ಅರ್ಜಿ ಹಾಕುವ ಪದ್ಧತಿಯಿಲ್ಲ. ಅದಕ್ಕೆಂದು ಯಾವ ದೈವಶಾಸ್ತ್ರ ವಿದ್ಯಾಲಯದಲ್ಲಿಯೂ ಅವನು ಓದಿದವನಲ್ಲ. ಸುಮಾರು ಐದು ವರ್ಷ ಕಳೆದ ಮೇಲೆ ಒಂದು ಭಾನುವಾರ ಸಭೆಯು ಅವನಿಗೆ ಕೃತಜ್ಞತೆ ಹೇಳಿ ಬಿಡುಗಡೆ ಮಾಡುತ್ತದೆ; ಮುಂದಿನ ವಾರ ಅವನು ಪುಟ್ಟ ಮಕ್ಕಳಿಗೆ ಹಾಡು ಕಲಿಸುವ ಕೋಣೆಯಲ್ಲಿರಬಹುದು. ಮಾರ್ಮನ್ ಜನರ ಸಭಾಜೀವನವನ್ನು ಅರಿಯಬೇಕೆಂಬವರು ಅವರ ಸಿದ್ಧಾಂತಗ್ರಂಥಗಳಿಗಿಂತ ಮೊದಲು ಈ ಒಂದು ಏರ್ಪಾಡನ್ನು ನೋಡುವುದು ಮೇಲೆಂದು ನನಗೆ ತೋರುತ್ತದೆ.

ಈ ಪಂಥದ ವಿಧ್ಯುಕ್ತ ನಾಮಧೇಯ ದೀರ್ಘವಾದದ್ದು: ‘ಕಡೆಯ ದಿನಗಳ ಸಂತರ ಯೇಸು ಕ್ರಿಸ್ತನ ಸಭೆ’. 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ಸಂಸ್ಥಾನದಲ್ಲಿ ಜೋಸೆಫ್ ಸ್ಮಿತ್ ಎಂಬ ಇಪ್ಪತ್ತನಾಲ್ಕರ ತರುಣನು ಸ್ಥಾಪಿಸಿದ ಈ ಸಭೆಗೆ, ಅವನು ಅದೇ ವರ್ಷ ಪ್ರಕಟಿಸಿದ ‘ಮಾರ್ಮನ್ ಗ್ರಂಥ’ದ ದೆಸೆಯಿಂದ ಜನರ ಬಾಯಲ್ಲಿ ಮಾರ್ಮನ್ ಎಂಬ ಹೆಸರು ನಿಂತಿತು, 2018ರಲ್ಲಿ ಅಂದಿನ ಅಧ್ಯಕ್ಷ ರಸೆಲ್ ನೆಲ್ಸನ್ ಅವರು ಪೂರ್ಣನಾಮವನ್ನೇ ಬಳಸಬೇಕೆಂದು ವಿಧಿಸಿದರೂ ಲೋಕರೂಢಿ ಅದಕ್ಕೆ ಮಣಿಯಲಿಲ್ಲವಾಗಿ, ಓದುಗರ ಅನುಕೂಲಕ್ಕೋಸ್ಕರ ಇಲ್ಲಿಯೂ ಆ ಕಿರುಹೆಸರನ್ನೇ ಇಟ್ಟುಕೊಂಡಿದ್ದೇನೆ. ಸ್ಥಾಪಕನು 1844ರಲ್ಲಿ ಕಾರ್ಥೇಜ್ ಎಂಬಲ್ಲಿಯ ಸೆರೆಮನೆಯಲ್ಲಿ ದೊಂಬಿಯವರ ಗುಂಡಿಗೆ ಬಲಿಯಾದುದು, ಅನುಯಾಯಿಗಳು ಅವನ ಉತ್ತರಾಧಿಕಾರಿ ಬ್ರಿಗಮ್ ಯಂಗನ ಹಿಂದೆ ಬಯಲುಗಳನ್ನೂ ಪರ್ವತಗಳನ್ನೂ ದಾಟಿ 1847ರಲ್ಲಿ ಸಾಲ್ಟ್ ಲೇಕ್ ಕಣಿವೆಯನ್ನು ಸೇರಿದುದು, ಬಹುಪತ್ನೀತ್ವಕ್ಕಾಗಿ ನಿಂದೆಗೂ ಕಾನೂನಿನ ದಂಡನೆಗೂ ಒಳಗಾಗಿ 1890ರಲ್ಲಿ ಅದನ್ನು ಕೈಬಿಡುವ ಪ್ರಕಟಣೆಯನ್ನು ಹೊರಡಿಸಿದುದು, ಇವೆಲ್ಲ ಚರಿತ್ರೆಯ ಪುಸ್ತಕಗಳಲ್ಲಿ ವಿಪುಲವಾಗಿ ದೊರೆಯುತ್ತವೆ. ಇಂದು ಲೋಕದಲ್ಲೆಲ್ಲ ಒಂದು ಕೋಟಿ ಎಪ್ಪತ್ತು ಲಕ್ಷವನ್ನು ಮೀರಿದ ಈ ಜನ ತಮ್ಮ ಸಾಮಾನ್ಯ ಭಾನುವಾರವನ್ನು ಹೇಗೆ ಕಳೆಯುತ್ತಾರೆಂಬುದು ಮಾತ್ರ ಹೊರಗಿನವರಿಗೆ ಅಷ್ಟಾಗಿ ತಿಳಿದಿಲ್ಲ.

ಅವರ ಸಭಾಜೀವನದ ಮೂಲಘಟಕಕ್ಕೆ ವಾರ್ಡ್ ಎಂದು ಹೆಸರು. ನಗರಸಭೆಯ ವಾರ್ಡಿಗಿರುವಂತೆಯೇ ಇದಕ್ಕೂ ನಕ್ಷೆಯಲ್ಲಿ ಗೆರೆ ಎಳೆದ ಎಲ್ಲೆಯುಂಟು. ಆ ಎಲ್ಲೆಯೊಳಗೆ ಮನೆ ಮಾಡಿದವರು ಆ ವಾರ್ಡಿಗೆ ಸೇರಿದವರು. ಉಪನ್ಯಾಸ ಚೆನ್ನಾಗಿದೆಯೆಂದೋ ಸಂಗೀತ ಇಂಪಾಗಿದೆಯೆಂದೋ ಶ್ರೀಮಂತರು ಬರುತ್ತಾರೆಂದೋ ಬೇರೆ ಕೇರಿಯ ಸಭೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ, ಅಮೆರಿಕದ ಪ್ರೊಟೆಸ್ಟೆಂಟ್ ಪಂಥಗಳಲ್ಲಿ ಸಹಜವಾಗಿರುವುದು, ಇಲ್ಲಿ ಸಾಮಾನ್ಯವಾಗಿ ಇಲ್ಲ. ಹೀಗಾಗಿ ಬ್ಯಾಂಕಿನ ವ್ಯವಸ್ಥಾಪಕನೂ ಅವನಲ್ಲಿ ಸಾಲ ಬೇಡಿ ಬರಿಗೈಯಲ್ಲಿ ಹಿಂದಿರುಗಿದವನೂ, ಒಂದೇ ಬೇಲಿಗಾಗಿ ವಾರವೆಲ್ಲ ವ್ಯಾಜ್ಯವಾಡಿದ ಇಬ್ಬರು ನೆರೆಯವರೂ, ಭಾನುವಾರ ಒಂದೇ ಬೆಂಚಿನಲ್ಲಿ ಕೂತು ಒಂದೇ ರೊಟ್ಟಿಯನ್ನು ಹಂಚಿಕೊಳ್ಳಬೇಕಾಗುತ್ತದೆ. ಒಲ್ಲದವರೊಡನೆ ಬಾಳುವ ಅಭ್ಯಾಸವನ್ನು ಇದಕ್ಕಿಂತ ಸಮರ್ಥವಾಗಿ ಕಲಿಸುವ ಉಪದೇಶ ಯಾವುದಿದ್ದೀತು? ವಾರ್ಡಿನ ಮುಖ್ಯನು ಬಿಷಪ್. ಅವನಿಗೆ ಇಬ್ಬರು ಸಲಹೆಗಾರರು. ಜನ ಕಡಮೆಯಿರುವ ಕಡೆ ಬ್ರಾಂಚ್ ಎಂಬ ಸಣ್ಣ ಸಭೆ. ಹಲವು ವಾರ್ಡುಗಳು ಕೂಡಿದರೆ ಸ್ಟೇಕ್.

ಕಟ್ಟಡದ ವಿಷಯವನ್ನು ಒಂದಿಷ್ಟು ಹೇಳಬೇಕು. ಗೋಪುರವುಂಟು, ಆದರೆ ಅದರ ಮೇಲೆ ಶಿಲುಬೆಯಿಲ್ಲ. ಒಳಗೆ ಪಿಯಾನೋ ಅಥವಾ ಆರ್ಗನ್, ಹಾಡುಗಳ ಸಂಖ್ಯೆಯನ್ನು ತೋರಿಸುವ ಹಲಗೆ, ಉದ್ದುದ್ದ ಬೆಂಚುಗಳು, ಇಷ್ಟೆ. ಹಿಂದಿನ ಮಡಚುಗೋಡೆಯನ್ನು ಸರಿಸಿದರೆ ಬ್ಯಾಸ್ಕೆಟ್‌ಬಾಲ್ ಬುಟ್ಟಿಗಳು ತೂಗುವ ದೊಡ್ಡ ಹಜಾರವೊಂದು ಪ್ರಾರ್ಥನಾಸ್ಥಾನಕ್ಕೆ ಕೂಡಿಕೊಳ್ಳುತ್ತದೆ. ಸಭೆಗೆ ತಡವಾಗಿ ಬಂದವರು ಆಟದ ಅಂಕಣದ ಗೆರೆಗಳ ಮೇಲೆ ಹಾಕಿದ ಮಡಚುಕುರ್ಚಿಗಳಲ್ಲಿ ಕುಳಿತು ಭಗವಂತನನ್ನು ಸ್ತುತಿಸುತ್ತಾರೆ. ಮಾರ್ಮನರು ದಟ್ಟವಾಗಿರುವೆಡೆ ಒಂದೇ ಕಟ್ಟಡವನ್ನು ಎರಡು ಮೂರು ವಾರ್ಡುಗಳು ಸರದಿಯಂತೆ ಬಳಸುವುದರಿಂದ, ಜನವರಿ ಬಂದಿತೆಂದರೆ ಬೆಳಗಿನ ಸಭೆಯವರು ಮಧ್ಯಾಹ್ನಕ್ಕೂ ಮಧ್ಯಾಹ್ನದವರು ಬೆಳಗಿಗೂ ಬದಲಾಗುತ್ತಾರೆ. ಎಳೆಯ ಮಕ್ಕಳ ತಾಯಂದಿರಿಗೆ ಮಧ್ಯಾಹ್ನದ ಒಂದು ಗಂಟೆಯ ಸಭೆ ಬಂದ ವರ್ಷ ತಪಸ್ಸಿನ ವರ್ಷವೇ ಸರಿ. ಹಿಂದೆ ಮೂರು ಗಂಟೆ ನಡೆಯುತ್ತಿದ್ದ ಕಾರ್ಯಕ್ರಮವನ್ನು 2019ರಿಂದ ಎರಡು ಗಂಟೆಗೆ ಇಳಿಸಿದಾಗ ಹೆಚ್ಚು ಸಂತೋಷಪಟ್ಟವರು ಯಾರೆಂದು ಊಹಿಸುವುದು ಕಷ್ಟವಲ್ಲ.

ಮೊದಲನೆಯ ಗಂಟೆ ಪ್ರಭುಭೋಜನದ ಸಂಸ್ಕಾರಕ್ಕೆ ಮೀಸಲು. ಬಿಳಿಯ ವಸ್ತ್ರ ಹೊದಿಸಿದ ಮೇಜಿನ ಹಿಂದೆ ಹದಿನಾರು ಹದಿನೇಳು ವಯಸ್ಸಿನ ಇಬ್ಬರು ಹುಡುಗರು, ಸಭೆಯು ಹಾಡುತ್ತಿರುವಷ್ಟು ಹೊತ್ತೂ, ಅಂಗಡಿಯಿಂದ ತಂದ ಮಾಮೂಲು ಬ್ರೆಡ್ಡನ್ನು ಕೈಯಿಂದ ಮುರಿದು ಸಣ್ಣ ಚೂರುಗಳನ್ನಾಗಿ ಮಾಡಿ ತಟ್ಟೆಗಳಲ್ಲಿ ತುಂಬುತ್ತಾರೆ. ಹಾಡು ಮುಗಿದೊಡನೆ ಒಬ್ಬನು ಮಂಡಿಯೂರಿ ಪ್ರಾರ್ಥನೆಯನ್ನು ಓದುತ್ತಾನೆ. ಇತರ ಬಹುಪಾಲು ಪ್ರಾರ್ಥನೆಗಳನ್ನು ಅವರವರ ಮನಸ್ಸಿಗೆ ಬಂದ ಮಾತಿನಲ್ಲಿ ಸಲ್ಲಿಸುವ ಈ ಜನ, ಇದನ್ನು ಮಾತ್ರ ವೇದಮಂತ್ರದಷ್ಟೇ ಕಟ್ಟುನಿಟ್ಟಾಗಿ ಅಕ್ಷರ ತಪ್ಪದೆ ಉಚ್ಚರಿಸಬೇಕು. ಹುಡುಗನು ಒಂದು ಪದವನ್ನು ನುಂಗಿದನೋ, ಕೊನೆಯಲ್ಲಿ ತಲೆಯೆತ್ತಿ ಬಿಷಪನ ಕಡೆ ನೋಡುತ್ತಾನೆ. ಬಿಷಪ್ ಸದ್ದಿಲ್ಲದೆ ತಲೆಯಾಡಿಸಿದರೆ ಮತ್ತೆ ಮೊದಲಿನಿಂದ ಆರಂಭಿಸಬೇಕು. ಕೆಂಪಾದ ಕಿವಿಯ ಆ ಹುಡುಗನು ಎರಡನೆಯ ಸಲವೂ ಎಡವಿದಾಗ, ಇನ್ನೂರು ಮಂದಿ ತಲೆತಗ್ಗಿಸಿ ಉಸಿರು ಹಿಡಿದು, ಅವನ ತಾಯಿಯಂತೂ ಕೈ ಹಿಸುಕಿಕೊಳ್ಳುತ್ತ, ಅವನಿಗಾಗಿ ಬೇರೊಂದು ಪ್ರಾರ್ಥನೆಯನ್ನು ಮನಸ್ಸಿನಲ್ಲಿಯೇ ಮಾಡುತ್ತಾರೆ. ಅನಂತರ ಹನ್ನೆರಡು ಹದಿಮೂರರ ಬಾಲಕರು ತಟ್ಟೆಗಳನ್ನು ಸಾಲುಸಾಲಾಗಿ ಕೊಂಡೊಯ್ಯುತ್ತಾರೆ. ಬ್ರೆಡ್ ಆದಮೇಲೆ ಬೆರಳುದ್ದದ ಲೋಟಗಳಲ್ಲಿ ನೀರು. ದ್ರಾಕ್ಷಾರಸವಿಲ್ಲ, ಏಕೆಂದರೆ ಮದ್ಯ ಅವರಿಗೆ ವರ್ಜ್ಯ.

ಉಳಿದ ಹೊತ್ತಿನಲ್ಲಿ ಉಪನ್ಯಾಸ ಮಾಡುವವರೂ ಊರಿನವರೇ. ಎರಡು ಮೂರು ವಾರ ಮುಂಚೆ ಬಿಷಪನ ಸಲಹೆಗಾರನು ಒಬ್ಬ ಗೃಹಿಣಿಗೋ ಕಾಲೇಜು ಹುಡುಗನಿಗೋ ವಿಷಯವೊಂದನ್ನು ಕೊಟ್ಟು ಹತ್ತು ನಿಮಿಷ ಮಾತನಾಡಬೇಕೆಂದು ಕೇಳಿರುತ್ತಾನೆ. ವಾಗ್ಮಿತೆ ಅಪರೂಪ, ಆಕಳಿಕೆ ಸುಲಭ ಎಂಬುದನ್ನು ಆ ಪಂಥದ ಒಳಗಿನವರೇ ನಗುತ್ತ ಒಪ್ಪುತ್ತಾರೆ. ತಿಂಗಳ ಮೊದಲ ಭಾನುವಾರವಾದರೋ ನಿಯಮಿತ ಉಪನ್ಯಾಸವೇ ಇಲ್ಲ. ಅಂದು ಉಪವಾಸ: ಎರಡು ಹೊತ್ತಿನ ಊಟವನ್ನು ಬಿಟ್ಟು, ಅದರಿಂದ ಉಳಿದ ಹಣವನ್ನಾದರೂ ಬಡವರ ನಿಧಿಗೆ ಕೊಡುವ ವಾಡಿಕೆ, ವರಮಾನದ ಹತ್ತರಲ್ಲೊಂದು ಪಾಲಾದ ದಶಮಾಂಶ ಬೇರೆಯೇ. ಆ ದಿನ ತಮ್ಮ ನಂಬಿಕೆಗೆ ಸಾಕ್ಷಿ ಹೇಳಬಯಸುವ ಎಲ್ಲರಿಗೂ ವೇದಿಕೆ ತೆರೆದಿರುತ್ತದೆ. ರೋಗದಿಂದ ಎದ್ದವರು, ಮಗನನ್ನು ಕಳೆದುಕೊಂಡವರು, ತಾಯಿ ಕಿವಿಯಲ್ಲಿ ಉಸುರಿದ ಮಾತನ್ನು ಗಿಳಿಯಂತೆ ಒಪ್ಪಿಸುವ ನಾಲ್ಕು ವರ್ಷದ ಮಗು, ಸಾಕ್ಷಿ ಹೇಳುವೆನೆಂದು ಎದ್ದು ಬೇಸಗೆಯ ಪ್ರವಾಸದ ಕಥೆಯನ್ನೇ ಹೇಳಿ ಮುಗಿಸುವ ಅಜ್ಜ, ಇವರೆಲ್ಲರ ಮಾತಿಗೂ ಒಂದೇ ಗೌರವ ಸಲ್ಲುತ್ತದೆ.

ಎರಡನೆಯ ಗಂಟೆಗೆ ಜನ ತರಗತಿಗಳಾಗಿ ಚೆದರುತ್ತಾರೆ. ಮಕ್ಕಳಿಗೆ ಪ್ರೈಮರಿ, ದೊಡ್ಡವರಿಗೆ ಒಂದು ವಾರ ಭಾನುವಾರದ ಪಾಠಶಾಲೆ, ಮತ್ತೊಂದು ವಾರ ಗಂಡಸರೂ ಹೆಂಗಸರೂ ಬೇರೆಬೇರೆಯಾಗಿ ಕೂಡುವ ಸಭೆ. ಹೆಂಗಸರ ಸಂಘವಾದ ರಿಲೀಫ್ ಸೊಸೈಟಿ 1842ರಷ್ಟು ಹಿಂದೆಯೇ, ಸ್ಥಾಪಕನ ಪತ್ನಿ ಎಮ್ಮಾ ಸ್ಮಿತ್ ಅವರ ಅಧ್ಯಕ್ಷತೆಯಲ್ಲಿ, ನಾವೂ ಎಂಬ ಪಟ್ಟಣದಲ್ಲಿ ಹುಟ್ಟಿದ್ದು. ಪಿಯಾನೋ ನುಡಿಸುವವರು, ಪಾಠ ಹೇಳುವವರು, ಲೆಕ್ಕ ಬರೆಯುವವರು, ಹಸುಗೂಸುಗಳನ್ನು ಆಡಿಸುವವರು, ಹೀಗೆ ವಾರ್ಡಿನಲ್ಲಿ ಕೈಯಾಡುವ ಪ್ರತಿಯೊಬ್ಬರಿಗೂ ಒಂದೊಂದು ಕರ್ತವ್ಯವನ್ನು ಬಿಷಪನು ಪ್ರಾರ್ಥಿಸಿ ನಿಶ್ಚಯಿಸಿ ಹೊರಿಸುತ್ತಾನೆ. ಸಭೆಯ ಮುಂದೆ ಹೆಸರನ್ನು ಓದಿದಾಗ ಎಲ್ಲರೂ ಬಲಗೈ ಎತ್ತಿ ಸಮ್ಮತಿಸುತ್ತಾರೆ. ಬೇಡವೆನ್ನಲು ಅವಕಾಶವುಂಟಾದರೂ ಎನ್ನುವವರು ವಿರಳ. ನಿನ್ನೆ ಒಬ್ಬನ ತಪ್ಪೊಪ್ಪಿಗೆ ಕೇಳಿದ ಬಿಷಪ್ ನಾಳೆ ಅವನ ಕೈಕೆಳಗಿನ ಸಹಾಯಕನಾಗಬಹುದಾದ ಈ ವ್ಯವಸ್ಥೆಯಲ್ಲಿ ಅಧಿಕಾರದ ಮದ ತಲೆಗೇರಲು ಬೇಕಾದಷ್ಟು ಕಾಲಾವಕಾಶವೇ ಇರುವುದಿಲ್ಲ. ಇದು ಸ್ಥಳೀಯ ಸಭೆಗಳ ಮಾತೆಂಬುದನ್ನು ಇಲ್ಲಿ ಸೇರಿಸಬೇಕು. ಸಾಲ್ಟ್ ಲೇಕ್ ನಗರದ ಕೇಂದ್ರದಲ್ಲಿ ಪೂರ್ಣಕಾಲ ದುಡಿಯುವ ಹಿರಿಯ ನಾಯಕರಿಗೆ ಜೀವನವೇತನವುಂಟು, ಮತ್ತು ಅವರಲ್ಲಿ ಅತ್ಯುನ್ನತ ಸ್ಥಾನದವರು ಆಜೀವ ಪರ್ಯಂತ ಇರತಕ್ಕವರು.

ಭಾನುವಾರ ಕಳೆದರೂ ವಾರ್ಡು ಮುಗಿಯುವುದಿಲ್ಲ. ಸೋಮವಾರ ಸಂಜೆಯನ್ನು ಮನೆಮಂದಿಯೆಲ್ಲ ಕೂಡಿ ಹಾಡು, ಪಾಠ, ಆಟಗಳಲ್ಲಿ ಕಳೆಯುತ್ತಾರೆ; ಇಂಥ ಮನೆಸಂಜೆಯ ಪದ್ಧತಿ 1915ರಲ್ಲಿ ಮೊದಲಾದದ್ದು. ಪ್ರತಿ ಕುಟುಂಬದ ಯೋಗಕ್ಷೇಮ ವಿಚಾರಿಸಲು ಇಬ್ಬಿಬ್ಬರನ್ನು ನೇಮಿಸಿರುತ್ತಾರೆ. ಹೆರಿಗೆಯಾದ ಮನೆಗೆ ಸರದಿಯಂತೆ ಅಡಿಗೆ ಬರುತ್ತದೆ. ಸಾವಾದ ಮನೆಯ ಊಟಕ್ಕೆ ತುರಿದ ಆಲೂಗೆಡ್ಡೆ, ಚೀಸ್, ಕೆನೆಸೂಪುಗಳ ಮೇಲೆ ಕಾರ್ನ್‌ಫ್ಲೇಕ್ಸ್ ಉದುರಿಸಿ ಒಲೆಯಲ್ಲಿ ಬೇಯಿಸಿದ ಖಾದ್ಯವೊಂದು ಎಷ್ಟು ನಿಯತವಾಗಿ ಬರುತ್ತದೆಂದರೆ, ಅದಕ್ಕೆ ‘ಶವಸಂಸ್ಕಾರದ ಆಲೂಗೆಡ್ಡೆ’ ಎಂದೇ ಹೆಸರು ಬಿದ್ದಿದೆ. ಮನೆ ಬದಲಾಯಿಸುವವರ ಬೀರು ಮಂಚಗಳನ್ನು ಹೊರುವುದು ವಾರ್ಡಿನ ಗಂಡಸರ ಅಲಿಖಿತ ಧರ್ಮ. ಹೊಸ ಊರಿನಲ್ಲಿ ಲಾರಿ ನಿಂತಾಗ ಇಳಿಸಿಕೊಳ್ಳಲು ಅಲ್ಲಿಯ ವಾರ್ಡಿನವರು, ಇವರ ಮುಖವನ್ನೇ ಕಾಣದವರು, ಕಾದಿರುತ್ತಾರೆ.

ಪ್ರವಾಸ ಹೊರಟಾಗ ಈ ಏರ್ಪಾಡಿನ ಬಲ ಪೂರ್ತಿಯಾಗಿ ಗೋಚರಿಸುತ್ತದೆ. ನಿಷ್ಠಾವಂತ ಮಾರ್ಮನನಿಗೆ ರಜೆಯಲ್ಲಿಯೂ ಭಾನುವಾರ ರಜೆಯಲ್ಲ. ಈಜುಡುಗೆಯ ಪಕ್ಕದಲ್ಲಿ ಟೈ ಒಂದನ್ನು ಮಡಿಸಿಟ್ಟುಕೊಂಡೇ ಅವನು ಸಮುದ್ರತೀರಕ್ಕೆ ಹೊರಡುತ್ತಾನೆ, ಹತ್ತಿರದ ಸಭೆ ಎಲ್ಲಿ, ಎಷ್ಟು ಗಂಟೆಗೆ ಎಂಬುದನ್ನು ಮೊದಲೇ ಹುಡುಕಿಟ್ಟಿರುತ್ತಾನೆ. ಲೋಕದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಸಭೆಗಳಿದ್ದು, ಎಲ್ಲೆಲ್ಲಿಯೂ ಆ ವಾರ ಓದುವ ಪಾಠ ಒಂದೇ ಆಗಿರುವುದರಿಂದ, ಯೂಟಾದ ಪ್ರೋವೋದಲ್ಲಿ ಅರ್ಧ ಓದಿದ ಅಧ್ಯಾಯದ ಮುಂದಿನ ಚರ್ಚೆಯನ್ನು ಮನಿಲಾದಲ್ಲಿ ಕೇಳಬಹುದು. ಭಾಷೆ ಅರ್ಥವಾಗದಿದ್ದರೂ ಮುಂದೇನು ನಡೆಯುವುದೆಂಬುದು ಅವನಿಗೆ ಗೊತ್ತು. ರಾಗ ಪರಿಚಿತವಾದ್ದರಿಂದ ತನ್ನ ನುಡಿಯಲ್ಲೇ ಸಣ್ಣಗೆ ಹಾಡಿಕೊಳ್ಳುತ್ತಾನೆ. ಕೊಲ್ಲಿ ದೇಶಗಳಲ್ಲಿ ಸ್ಥಳೀಯ ರಜೆಗೆ ಹೊಂದಿಕೊಂಡು ಶುಕ್ರವಾರವೂ, ಜೆರುಸಲೇಮಿನಲ್ಲಿ ಶನಿವಾರವೂ ಸಬ್ಬತ್ ಆಚರಿಸಿದ ಸಭೆಗಳುಂಟು. ಮಿಕ್ಕ ವಿಷಯಗಳಲ್ಲಿ ಅಷ್ಟು ಬಿಗಿಯಾದ ಈ ಜನ ವಾರದ ವಿಷಯದಲ್ಲಿ ತೋರಿದ ಈ ಸಡಿಲಿಕೆ ಮೆಚ್ಚತಕ್ಕದ್ದು. ಸಣ್ಣ ಬ್ರಾಂಚಿಗೆ ಪ್ರವಾಸಿ ಕುಟುಂಬವೊಂದು ಬಂತೆಂದರೆ ಹಾಜರಾತಿ ಎದ್ದುಕಾಣುವಂತೆ ಏರುತ್ತದೆ. ಒಳಗೆ ಕಾಲಿಟ್ಟ ಹತ್ತು ನಿಮಿಷದಲ್ಲಿ ಮಗಳು ಪಿಯಾನೋದ ಮುಂದೆ, ಮಗನು ಬ್ರೆಡ್ಡಿನ ಮೇಜಿನ ಹಿಂದೆ ಕುಳಿತಿರುವುದು ಅಪರೂಪವಲ್ಲ. ಅತಿಥಿಗೆ ಉಪಚಾರಕ್ಕಿಂತ ಮೊದಲು ಕೆಲಸ ಕೊಡುವ ಇಂಥ ಸ್ವಾಗತದಲ್ಲಿ ಪರಕೀಯಭಾವ ಉಳಿಯುವುದಾದರೂ ಹೇಗೆ?

ನಮ್ಮ ನಾಡಿಗೂ ಈ ಜನರಿಗೂ ಸಂಬಂಧವಿಲ್ಲದಿಲ್ಲ. 1850ರ ದಶಕದಲ್ಲೇ ಅವರ ಪ್ರಚಾರಕರು ಕಲ್ಕತ್ತೆಗೆ ಬಂದಿದ್ದರು, ನೆಲೆ ನಿಲ್ಲಲಿಲ್ಲ. ಈಚೆಗೆ 1993ರಲ್ಲಿ ಬೆಂಗಳೂರು ಅವರ ಪ್ರಚಾರಕೇಂದ್ರವಾಯಿತು. ಅಲ್ಲಿ ಸ್ಟೇಕ್ ಕೂಡ ಉಂಟು. ಭಾನುವಾರದ ಪ್ರಾರ್ಥನಾಮಂದಿರಗಳಿಂದ ಬೇರೆಯಾದ, ಭಾರತದ ಮೊದಲ ಮಾರ್ಮನ್ ದೇವಾಲಯವನ್ನು ಅಲ್ಲಿಯೇ ಕಟ್ಟುವುದಾಗಿ 2018ರ ಏಪ್ರಿಲ್‌ನಲ್ಲಿ ಘೋಷಿಸಿ, 2020ರ ಡಿಸೆಂಬರ್‌ನಲ್ಲಿ ನೆಲ ಅಗೆದು ಕೆಲಸ ಆರಂಭಿಸಿದರು. 1833ರ ಆರೋಗ್ಯನಿಯಮವೊಂದರ ಪ್ರಕಾರ ಮದ್ಯ ತಂಬಾಕುಗಳೊಡನೆ ಚಹಾವೂ ಕಾಫಿಯೂ ಇವರಿಗೆ ನಿಷಿದ್ಧ. ಫಿಲ್ಟರ್ ಕಾಫಿಯೇ ಆತಿಥ್ಯದ ಮೊದಲ ಮಾತಾಗಿರುವ ಬೆಂಗಳೂರಿನ ಮನೆಗಳಲ್ಲಿ ಈ ವ್ರತವನ್ನು ಪಾಲಿಸುವುದು ಸಾಲ್ಟ್ ಲೇಕಿನಲ್ಲಿ ಪಾಲಿಸುವುದಕ್ಕಿಂತ ಕಠಿಣತರವೆಂದು ಬೇರೆ ಹೇಳಬೇಕಾಗಿಲ್ಲ.

ಎಲ್ಲವೂ ಹೊಗಳತಕ್ಕದ್ದೇ ಎಂದಲ್ಲ. ಕಪ್ಪು ಜನಾಂಗದ ಗಂಡಸರಿಗೆ 1978ರವರೆಗೆ ಯಾಜಕತ್ವವನ್ನು ನಿರಾಕರಿಸಿದ್ದರು; ಹೆಂಗಸರಿಗೆ ಇಂದಿಗೂ ಅದು ಇಲ್ಲವಾದ್ದರಿಂದ, ವಾರ್ಡಿನ ದುಡಿಮೆಯ ದೊಡ್ಡ ಪಾಲನ್ನು ಹೊತ್ತವರು ಬಿಷಪ್ ಆಗುವಂತಿಲ್ಲ. ಎಲ್ಲರಿಗೂ ಎಲ್ಲರ ಸಮಾಚಾರ ಗೊತ್ತಿರುವ ಸಭೆಯಲ್ಲಿ ನಂಬಿಕೆ ಸಡಿಲಿದವನಿಗೆ ಏಕಾಂತವೆಂಬುದು ದುರ್ಲಭ. ಸಹಾಯಕ್ಕೆ ಬರುವ ಕೈಯೇ ವಿಚಾರಣೆಗೂ ಬಾಗಿಲು ತಟ್ಟುತ್ತದೆ. ತರಬೇತಿಯಿಲ್ಲದ ಬಿಷಪನು ಮನೋವ್ಯಥೆಯ ಮುಂದೆ ದಿಕ್ಕುತೋಚದೆ ನಿಲ್ಲುವ ಸಂದರ್ಭಗಳೂ ಇಲ್ಲದಿಲ್ಲ. ಆದರೂ, ಧರ್ಮವನ್ನು ಕೇಳಿ ಹೋಗುವವರ ಸಭೆಗಿಂತ ನಡೆಸಿ ಹೋಗುವವರ ಸಭೆ ಗಟ್ಟಿಯಾದುದೆಂಬುದು ನನ್ನ ಅಭಿಪ್ರಾಯ. ನೂರಾ ತೊಂಬತ್ತು ವರ್ಷಗಳಿಗೂ ಮೀರಿ ಈ ಜನ ಒಟ್ಟಾಗಿ ನಿಂತಿರುವುದಕ್ಕೆ ಸಿದ್ಧಾಂತ ಎಷ್ಟು ಕಾರಣವೋ, ಕುರ್ಚಿ ಹಾಕಿ ತೆಗೆಯುವ ಸರದಿಯೂ ಅಷ್ಟೇ ಕಾರಣ.

ಪ್ರತಿಷ್ಠೆಯಾದ ದೇವಾಲಯದೊಳಕ್ಕೆ ಅರ್ಹತಾಪತ್ರ ಹೊಂದಿದ ಸದಸ್ಯರಿಗಷ್ಟೇ ಪ್ರವೇಶ. ಭಾನುವಾರದ ಸಭೆಗೆ ಅಂಥ ನಿರ್ಬಂಧವಿಲ್ಲ. ಕುತೂಹಲವುಳ್ಳವರು ಯಾರು ಬೇಕಾದರೂ ಹೋಗಿ ಕೂರಬಹುದು. ಬ್ರೆಡ್ಡಿನ ತಟ್ಟೆ ಬಂದಾಗ ಒಲ್ಲದಿದ್ದರೆ ಪಕ್ಕದವರಿಗೆ ದಾಟಿಸಿದರಾಯಿತು, ಯಾರೂ ತಪ್ಪು ತಿಳಿಯುವುದಿಲ್ಲ. ಕಾಣಿಕೆಯ ತಟ್ಟೆಯನ್ನು ಅಲ್ಲಿ ತಿರುಗಿಸುವ ಪದ್ಧತಿಯೇ ಇಲ್ಲ.