ಲಕ್ಷ್ಮಣಾ ಬೇರು ಕೊಳ್ಳುವ ಮುನ್ನ: ಮ್ಯಾಂಡ್ರೇಕ್ ಎಂದರೆ ಯಾವ ಗಿಡ?



ಮದುವೆಯಾಗಿ ನಾಲ್ಕೈದು ವರ್ಷವಾದರೂ ಮಡಿಲು ತುಂಬದಿದ್ದರೆ ಸಲಹೆ ಕೊಡುವವರಿಗೆ ಬರವಿಲ್ಲ. "ಲಕ್ಷ್ಮಣಾ ಬೇರು ತರಿಸಿ, ಹಾಲಿನಲ್ಲಿ ತೇಯ್ದು ಕುಡಿಸಿ" ಎನ್ನುವುದು ಅಂಥದ್ದೊಂದು. ಊರಿನಲ್ಲಾದರೆ ಪರಿಚಯದ ಗ್ರಂಧಿಗೆ ಅಂಗಡಿಯಲ್ಲಿ ಕನ್ನಡದಲ್ಲೇ ಕೇಳಬಹುದಿತ್ತು. ದಿಲ್ಲಿಯ ಪನ್ಸಾರಿಯ ಬಳಿಯೋ ಚೆನ್ನೈಯ ನಾಟ್ಟು ಮರುಂದು ಅಂಗಡಿಯಲ್ಲೋ ನೀವು ಹೇಳುವ ಹೆಸರು ಒಂದು, ಕೈಗೆ ಬರುವ ಬೇರು ಇನ್ನೊಂದು ಆಗಬಹುದು.

ಸಂತಾನಕ್ಕೆ ಒಳ್ಳೆಯದೆಂದು ಆಯುರ್ವೇದ ಗ್ರಂಥಗಳು ಹೇಳುವ ಲಕ್ಷ್ಮಣಾ ಯಾವ ಗಿಡ ಎಂಬುದರಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ. ಕೆಲವರು ಬಿಳಿ ಹೂವಿನ ನೆಲಗುಳ್ಳ ಎನ್ನುತ್ತಾರೆ. ಕೇರಳದಲ್ಲಿ ತಿರುತಾಳಿ ಎಂಬ ಬಳ್ಳಿಯನ್ನು ಬಳಸುತ್ತಾರೆ. ಇನ್ನು ಕೆಲವು ಪುಸ್ತಕಗಳು ಮ್ಯಾಂಡ್ರೇಕ್ ಎಂದುಬಿಟ್ಟಿವೆ. ಯುನಾನಿಯವರ ಯಬ್ರೂಜ್ ಕೂಡ ಅದೇ. ಮನುಷ್ಯನ ಆಕಾರದಂತೆ ಕವಲೊಡೆಯುವ ಬೇರು ಅದರದು. ಬೈಬಲಿನ ಆದಿಕಾಂಡದಲ್ಲಿ ಮಕ್ಕಳಿಲ್ಲದ ರಾಹೇಲಳು ಬೇಡಿ ಪಡೆಯುವುದು ಇದನ್ನೇ ಎಂದು ಹೇಳುತ್ತಾರೆ. ಮಗುವಿನ ಆಸೆಗೂ ಈ ಬೇರಿಗೂ ನಂಟು ಅಷ್ಟು ಹಳೆಯದು.

ಸರಿ, ಮ್ಯಾಂಡ್ರೇಕ್ ಎಂದರೇನು? ಇಲ್ಲಿ ಗೊಂದಲ ಇಮ್ಮಡಿಯಾಗುತ್ತದೆ.

ಅಸಲಿ ಮ್ಯಾಂಡ್ರೇಕ್ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಗಿಡ. ನಮ್ಮ ಬದನೆ, ಉಮ್ಮತ್ತಿಯ ಕುಟುಂಬದ್ದು. 1753ರಲ್ಲಿ ಲಿನೇಯಸ್ ಅದಕ್ಕೆ ಮ್ಯಾಂಡ್ರಾಗೋರ ಅಫಿಸಿನಾರಮ್ ಎಂದು ಹೆಸರಿಟ್ಟ. ಆಮೇಲೆ ತಾನೇ ಅದನ್ನು ಬೆಲ್ಲಡೋನ ಇರುವ ಅಟ್ರೋಪ ಕುಲಕ್ಕೆ ಸೇರಿಸಿದ. ವಸಂತದಲ್ಲಿ ಹೂ ಬಿಡುವುದು ಒಂದು ಪ್ರಭೇದ, ಶರತ್ಕಾಲದಲ್ಲಿ ಬಿಡುವುದು ಇನ್ನೊಂದು ಎಂದು ಮುಂದಿನವರು ವಾದಿಸಿದರು. 1998ರಲ್ಲಿ ನಡೆದ ಪರಿಷ್ಕರಣೆ ಇವೆರಡನ್ನೂ ಒಂದೇ ಎಂದು ಸೇರಿಸಿತು. ಈಗಲೂ ಬೇರೆ ಬೇರೆ ಎನ್ನುವ ಸಸ್ಯಶಾಸ್ತ್ರಜ್ಞರಿದ್ದಾರೆ. ಈ ಜಗಳ ನಮಗೆ ಬೇಡ, ಎರಡೂ ವಿಷವೇ.

ನಮಗೆ ಬೇಕಾದದ್ದು ಇದು: "ಅಮೆರಿಕನ್ ಮ್ಯಾಂಡ್ರೇಕ್" ಎಂಬುದು ಮ್ಯಾಂಡ್ರೇಕೇ ಅಲ್ಲ. ಅದು ಪೋಡೋಫಿಲಮ್, ಉತ್ತರದವರು ದಾರುಹಲ್ದಿ ಎನ್ನುವ ಗಿಡದ ಕುಟುಂಬ. ಅದರ ಹಿಮಾಲಯದ ಬಂಧುವಿಗೆ ಹಿಂದಿಯಲ್ಲಿ ಬನ್‌ಕಕ್ಡಿ ಎಂಬ ಹೆಸರು. ಇದೊಂದಕ್ಕೇ ಪುಸ್ತಕಗಳಲ್ಲಿ ಪೋಡೋಫಿಲಮ್ ಇಮೋಡಿ, ಪೋಡೋಫಿಲಮ್ ಹೆಕ್ಸಾಂಡ್ರಮ್, ಸೈನೋಪೋಡೋಫಿಲಮ್ ಎಂದು ಮೂರು ಹೆಸರು! "ಇಂಗ್ಲಿಷ್ ಮ್ಯಾಂಡ್ರೇಕ್" ಎನ್ನುವುದಂತೂ ಬ್ರಯೋನಿಯ, ಸೋರೆ ಸವತೆಯ ಕುಟುಂಬದ ವಿಷದ ಬಳ್ಳಿ.

ಒಂದೆಲಗವನ್ನೂ ಬಕೋಪವನ್ನೂ ನಾವು ಬ್ರಾಹ್ಮಿ ಎಂದೇ ಕರೆಯುತ್ತೇವೆ. ಅಲ್ಲಿ ಅದಲುಬದಲಾದರೆ ಅಂಥ ಅನಾಹುತವಿಲ್ಲ. ಇಲ್ಲಿ ಹಾಗಲ್ಲ.

ಅಸಲಿ ಮ್ಯಾಂಡ್ರೇಕ್‌ನಲ್ಲಿ ಉಮ್ಮತ್ತಿಯಲ್ಲಿರುವಂಥದೇ ಅಟ್ರೋಪಿನ್, ಸ್ಕೋಪೋಲಮೈನ್ ಇವೆ. ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಅಗಲವಾಗಿ ದೃಷ್ಟಿ ಮಸುಕಾಗುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ, ಮೂತ್ರ ಕಟ್ಟುತ್ತದೆ, ಮನುಷ್ಯ ಏನೇನೋ ಬಡಬಡಿಸುತ್ತಾನೆ. 2022ರ ಅಕ್ಟೋಬರಿನಲ್ಲಿ ಇಟಲಿಯ ನೇಪಲ್ಸ್ ಸುತ್ತಮುತ್ತ ಪಾಲಕ್ ತಿಂದ ಹಲವರು ಹೀಗೆಯೇ ಆಸ್ಪತ್ರೆ ಸೇರಿದರು. ಸೊಪ್ಪಿನಲ್ಲಿ ಮ್ಯಾಂಡ್ರೇಕ್ ಎಲೆ ಬೆರೆತಿತ್ತೆಂಬ ಅನುಮಾನ ಬಂತು.

ಪೋಡೋಫಿಲಮ್‌ನ ದಾರಿಯೇ ಬೇರೆ. ವಾಂತಿ, ಭೇದಿಯಿಂದ ಶುರುವಾಗಿ ನರಗಳಿಗೂ ಮೂಳೆಯ ಮಜ್ಜೆಗೂ ಪೆಟ್ಟು ಕೊಡಬಲ್ಲದು. ಜೀವಕೋಶ ಒಡೆದು ಎರಡಾಗುವುದನ್ನೇ ಅದು ತಡೆಯುತ್ತದೆ. ಅದರಿಂದಲೇ ಎಟೊಪೊಸೈಡ್ ಎಂಬ ಕ್ಯಾನ್ಸರ್ ಔಷಧಿಯ ದಾರಿ ತೆರೆಯಿತು, ಅದು ಬೇರೆ ಮಾತು. ಆದರೆ ಬಸಿರಾಗಲೆಂದು ಕಾಯುತ್ತಿರುವ ಹೆಣ್ಣುಮಗಳ ಹೊಟ್ಟೆಗೆ ಇಂಥದ್ದು ಹೋದರೆ? ಗರ್ಭಿಣಿಯರಿಗೆ ಇದನ್ನು ಹೊರಗೆ ಹಚ್ಚುವುದನ್ನೂ ವೈದ್ಯರು ಒಪ್ಪುವುದಿಲ್ಲ.

ಆದ್ದರಿಂದ ಯಾರೇ ಬೇರು ಕೊಟ್ಟರೂ ಎರಡು ಪದದ ಸಸ್ಯಶಾಸ್ತ್ರೀಯ ಹೆಸರನ್ನು ಬರೆಸಿಕೊಳ್ಳಿ, ಅದನ್ನು ನಿಮ್ಮ ವೈದ್ಯರಿಗೆ ತೋರಿಸಿ. ಬರೆದುಕೊಡಲು ಹಿಂಜರಿದರೆ ಬೇರು ಅಲ್ಲೇ ಇರಲಿ. ಪುಡಿ ಮಾಡಿದ್ದಂತೂ ಬೇಡವೇ ಬೇಡ, ಪುಡಿಯಾದ ಮೇಲೆ ಕಣ್ಣಿಗೆ ಎಲ್ಲವೂ ಒಂದೇ. ಮಕ್ಕಳಾಗದಿರುವುದಕ್ಕೆ ಗಂಡಸಿನ ಕಡೆಯ ಕಾರಣವೂ ಸಾಕಷ್ಟು ಸಲ ಇರುತ್ತದೆ. ಬೇರು ಅರೆದು ಸೊಸೆಗೊಬ್ಬಳಿಗೇ ಕುಡಿಸುವ ಮೊದಲು ಮಗನ ವೀರ್ಯ ಪರೀಕ್ಷೆಯನ್ನೂ ಮಾಡಿಸಿ.

ಈಗಾಗಲೇ ಯಾರಾದರೂ ಕುಡಿದು ಏರುಪೇರಾಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. 112ಕ್ಕೆ ಕರೆ ಮಾಡಿ. ಉಳಿದ ಬೇರು, ಪೊಟ್ಟಣ, ಅಂಗಡಿಯ ಚೀಟಿ ಎಲ್ಲವನ್ನೂ ಆಸ್ಪತ್ರೆಗೆ ಒಯ್ಯಿರಿ, ಕುಡಿದದ್ದು ಎಷ್ಟು ಹೊತ್ತಿಗೆ ಎಂಬುದನ್ನು ಹೇಳಿ.