ಬೆಟ್ಟದ ಚಳಿಯಲ್ಲಿ ಹೈಬ್ರಿಡ್ ಕಾರಿನೊಳಗೆ ಒಂದು ರಾತ್ರಿ

ಮೈಸೂರಿನಿಂದ ಸಂಜೆ ತಡವಾಗಿ ಹೊರಟು ಊಟಿಗೆ ಹೋಗುವವರು ನಂಜನಗೂಡು, ಗುಂಡ್ಲುಪೇಟೆಗಳನ್ನು ದಾಟಿ ಬಂಡೀಪುರದ ಅಂಚಿಗೆ ಬರುವಷ್ಟರಲ್ಲಿ ಕೆಲವೊಮ್ಮೆ ರಾತ್ರಿ ಒಂಬತ್ತು ದಾಟಿರುತ್ತದೆ. ಅಲ್ಲಿ ಗೇಟು ಮುಚ್ಚಿರುತ್ತದೆ. 2009ರಲ್ಲಿ ಜಾರಿಗೆ ಬಂದ ರಾತ್ರಿ ಸಂಚಾರ ನಿಷೇಧದಂತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳು ಈ ಕಾಡಿನ ರಸ್ತೆಯನ್ನು ಪ್ರವೇಶಿಸುವಂತಿಲ್ಲ. ಆನೆಗಳಿಗಾಗಿ ಒಂದು ರಾತ್ರಿ ಕಾಯುವುದು ದೊಡ್ಡ ತ್ಯಾಗವೆಂದು ನನಗನ್ನಿಸುವುದಿಲ್ಲ. ಆದರೆ ಕಾಯುವವರು ಏನು ಮಾಡುತ್ತಾರೆ? ಸೀಟನ್ನು ಹಿಂದಕ್ಕೆ ಮಲಗಿಸಿ, ಗಾಜು ಏರಿಸಿ, ಕಾರಿನಲ್ಲೇ ನಿದ್ರೆ ಮಾಡುತ್ತಾರೆ. ಇನ್ನು ಕೆಲವರು ಬೆಟ್ಟ ಹತ್ತಿದ ಮೇಲೆಯೂ ವಸತಿಗೃಹದ ಖರ್ಚು ಉಳಿಸಲು ಇದೇ ದಾರಿ ಹಿಡಿಯುತ್ತಾರೆ.

ಈಚಿನ ವರ್ಷಗಳಲ್ಲಿ ಹೈಬ್ರಿಡ್ ಕಾರುಗಳು ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿವೆ. ಮೈಸೂರು–ಬೆಂಗಳೂರು ರಸ್ತೆಯ ಬಿಡದಿಯಲ್ಲೇ ಅವು ತಯಾರಾಗುತ್ತವೆ. ಇವುಗಳೊಂದಿಗೆ ಒಂದು ಹೊಸ ನಂಬಿಕೆಯೂ ಬಂದಿದೆ. "ಹೈಬ್ರಿಡ್ ಕಾರಿನಲ್ಲಿ ದೊಡ್ಡ ಬ್ಯಾಟರಿ ಇದೆ, ಹೀಟರ್ ಅದರಿಂದಲೇ ನಡೆಯುತ್ತದೆ, ಎಂಜಿನ್ ಸದ್ದೇ ಇಲ್ಲ, ಹಾಗಾಗಿ ಹೊಗೆಯ ಭಯವೂ ಇಲ್ಲ" ಎಂದು ಹೇಳುವವರನ್ನು ಕೇಳಿದ್ದೇನೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಪ್ರಾಣಕ್ಕೆ ಅಪಾಯ ತರಬಲ್ಲದು. ಮಾತುಕತೆಯ ಭರದಲ್ಲಿ ಲೆಕ್ಕಗಳು ಬೇಗ ಓಡಿಹೋಗುತ್ತವೆ. ಇಲ್ಲಿ ಅವನ್ನು ನಿಧಾನವಾಗಿ ನೋಡೋಣ.

ಮೊದಲು ಚಳಿಯ ಲೆಕ್ಕ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಊಟಿ 2,240 ಮೀಟರ್. ಒಂದು ಕಿಲೋಮೀಟರ್ ಮೇಲೇರಿದರೆ ಗಾಳಿಯ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಎಂದರೆ ಎರಡು ಊರುಗಳ ನಡುವೆ ಸುಮಾರು ಒಂಬತ್ತೂವರೆ ಡಿಗ್ರಿ ಅಂತರ. ಜನವರಿಯ ರಾತ್ರಿ ಮೈಸೂರಿನಲ್ಲಿ 16 ಡಿಗ್ರಿ ಇದ್ದರೆ ಊಟಿಯಲ್ಲಿ ಆರು ಏಳು ಡಿಗ್ರಿ ಇರಬೇಕು. ಆದರೆ ಮೋಡವಿಲ್ಲದ, ಗಾಳಿ ಬೀಸದ ರಾತ್ರಿಗಳಲ್ಲಿ ನೆಲ ತನ್ನ ಶಾಖವನ್ನು ನೇರವಾಗಿ ಆಕಾಶಕ್ಕೆ ಸೂಸುತ್ತದೆ. ತಣ್ಣಗಾದ ಭಾರದ ಗಾಳಿ ಇಳಿಜಾರಿನಲ್ಲಿ ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದಲೇ ತಲೈಕುಂದದಂತಹ ತಗ್ಗುಗಳಲ್ಲಿ ಬೆಳಿಗ್ಗೆ ಹುಲ್ಲಿನ ಮೇಲೆ ಬಿಳಿಯ ಹಿಮದ ಹೊದಿಕೆ ಕಾಣಿಸುತ್ತದೆ. ಕಾರಿನ ಛಾವಣಿಯೂ ಹೀಗೆಯೇ ಆಕಾಶಕ್ಕೆ ಶಾಖ ಕಳೆದುಕೊಳ್ಳುತ್ತದೆ. ತಗಡು ತೆಳ್ಳಗೆ, ಗಾಜು ಒಂದೇ ಪದರ. ನಿದ್ರಿಸುವ ಮನುಷ್ಯನ ದೇಹ ಎಪ್ಪತ್ತು ಎಂಬತ್ತು ವ್ಯಾಟ್ ಶಾಖ ಕೊಡುತ್ತದೆ, ಹಳೆಯ ಕಾಲದ ಒಂದು ವಿದ್ಯುತ್ ಬಲ್ಬಿನಷ್ಟು. ನಾಲ್ವರು ಮಲಗಿದರೂ ಮುನ್ನೂರು ವ್ಯಾಟ್. ಈ ಶಾಖದಿಂದ ಕಾರಿನ ಒಳಗೆ ಹೊರಗಿಗಿಂತ ಕೆಲವೇ ಡಿಗ್ರಿ ಬೆಚ್ಚಗಿರುತ್ತದೆ. ನಡುರಾತ್ರಿ ನಡುಕ ಬಂದಾಗ ಕೈ ತಾನಾಗಿ ಹೀಟರ್ ಗುಂಡಿಯ ಕಡೆ ಹೋಗುತ್ತದೆ.

ಈಗ ಹೈಬ್ರಿಡ್ ಕಾರಿನ ಒಳಗುಟ್ಟು. ಇದರಲ್ಲಿ ಪೆಟ್ರೋಲ್ ಎಂಜಿನ್, ವಿದ್ಯುತ್ ಮೋಟಾರು, ಎರಡರ ನಡುವೆ ಒಂದು ಬ್ಯಾಟರಿ ಇರುತ್ತವೆ. ಬ್ಯಾಟರಿ ದೊಡ್ಡದೆಂದು ನಾವು ಭಾವಿಸುತ್ತೇವೆ. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್ ಕಾರಿನ ಬ್ಯಾಟರಿಯ ಸಾಮರ್ಥ್ಯ ಒಂದೆರಡು ಯೂನಿಟ್ ಅಷ್ಟೆ, ಮನೆಯ ಮೀಟರಿನಲ್ಲಿ ಓಡುವ ಅದೇ ಯೂನಿಟ್. ಅದನ್ನೂ ಪೂರ್ತಿ ಬರಿದಾಗಲು ಬಿಡುವುದಿಲ್ಲ. ಬ್ಯಾಟರಿ ಬಹುಕಾಲ ಬಾಳಲೆಂದು ನಡುವಿನ ಒಂದು ಭಾಗವನ್ನು ಮಾತ್ರ ಬಳಸಲಾಗುತ್ತದೆ. ಆ ಭಾಗ ಅರ್ಧ ಯೂನಿಟ್ ಎಂದಿಟ್ಟುಕೊಳ್ಳಿ. ಫ್ಯಾನು, ದೀಪ, ಕಂಪ್ಯೂಟರ್ ಎಲ್ಲ ಸೇರಿ 300 ವ್ಯಾಟ್ ಎಳೆದರೆ ಅದು ನೂರು ನಿಮಿಷಕ್ಕೆ ಮುಗಿಯುತ್ತದೆ. ಆಗ ಯಾರನ್ನೂ ಕೇಳದೆ ಎಂಜಿನ್ ತಾನಾಗಿ ಎದ್ದು, ಬ್ಯಾಟರಿ ತುಂಬಿಸಿ, ಮತ್ತೆ ಮಲಗುತ್ತದೆ.

ಹೀಟರಿನ ವಿಷಯದಲ್ಲಿ ನೂರು ನಿಮಿಷವೂ ಕಾಯಬೇಕಾಗಿಲ್ಲ. ಬಹುತೇಕ ಹೈಬ್ರಿಡ್ ಕಾರುಗಳಲ್ಲಿ ತಂಪು ಮಾಡುವ ಯಂತ್ರ ವಿದ್ಯುತ್ತಿನಿಂದ ನಡೆದರೂ, ಬಿಸಿ ಗಾಳಿಗೆ ಬೇಕಾದ ಶಾಖ ಬರುವುದು ಮುಖ್ಯವಾಗಿ ಎಂಜಿನ್ ಸುತ್ತ ಹರಿಯುವ ಬಿಸಿನೀರಿನಿಂದ. ಆ ನೀರು ತಣಿದರೆ ಬ್ಯಾಟರಿ ತುಂಬಿದ್ದರೂ ಎಂಜಿನ್ ಏಳಲೇಬೇಕು. ಮೇ ತಿಂಗಳ ಸೆಖೆಯಲ್ಲಿ ಎ.ಸಿ. ಹಾಕಿ ಕೂತವರಿಗೆ ಎಂಜಿನ್ ಅಪರೂಪಕ್ಕೆ ಕೇಳಿಸಬಹುದು. ಜನವರಿಯ ಊಟಿಯಲ್ಲಿ ಅದೇ ಕಾರು ರಾತ್ರಿಯಿಡೀ ಮತ್ತೆ ಮತ್ತೆ ಎದ್ದು ಮಲಗುತ್ತಿರುತ್ತದೆ. ಹೊಗೆಯ ವಿಷವನ್ನು ಸುಡುವ ಪರಿವರ್ತಕವೊಂದು ಹೊಗೆಕೊಳವೆಯಲ್ಲಿದೆ ನಿಜ, ಆದರೆ ಅದು ಕಾದು ಬಿಸಿಯಾದ ಮೇಲೆಯೇ ಚೆನ್ನಾಗಿ ಕೆಲಸ ಮಾಡುವುದು. ಎಂಜಿನ್ ತಣ್ಣಗೆ ಶುರುವಾದ ಮೊದಲ ಕ್ಷಣಗಳ ಹೊಗೆಯೇ ಹೆಚ್ಚು ಕೆಟ್ಟದ್ದು.

ಆ ವಿಷಾನಿಲ ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮೂ ಬರಿಸುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಕಾಲೇಜಿನ ವಿದ್ಯಾರ್ಥಿಗಳು ಇದರ ಅರ್ಥವನ್ನು ಕಾಗದದ ಮೇಲೆ ಬರೆದು ನೋಡಬಹುದು. ಗಾಳಿಯಲ್ಲಿ ಆಮ್ಲಜನಕ ಶೇಕಡ 21. ಅದನ್ನು 210ರಿಂದ ಭಾಗಿಸಿದರೆ ಶೇಕಡ 0.1. ಅಂದರೆ ಗಾಳಿಯ ಸಾವಿರ ಪಾಲಿನಲ್ಲಿ ಒಂದೇ ಪಾಲು ಈ ಅನಿಲವಿದ್ದು, ಅದನ್ನು ಕೆಲವು ಗಂಟೆ ಉಸಿರಾಡಿದರೆ, ರಕ್ತದ ಸುಮಾರು ಅರ್ಧ ಹಿಮೋಗ್ಲೋಬಿನ್ ಅದರ ವಶವಾಗುತ್ತದೆ. ಅಷ್ಟು ಸಾಕು ಸಾಯಲು. ಊಟಿಯ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲಿಗಿಂತ ಸ್ವಲ್ಪ ಹೆಚ್ಚು ಮಾತ್ರ, ಆಮ್ಲಜನಕ ಮೊದಲೇ ಕಡಿಮೆ. ತಲೆನೋವು, ವಾಕರಿಕೆ, ಮಂಪರು ಇದರ ಮುನ್ಸೂಚನೆಗಳು. ಎಚ್ಚರವಿದ್ದವನಿಗೆ ತಲೆನೋವು ಗೊತ್ತಾಗುತ್ತದೆ. ಮಲಗಿದವನಿಗೆ ನಿದ್ರೆ ಇನ್ನಷ್ಟು ಗಾಢವಾಗುತ್ತದೆ, ಅಷ್ಟೆ.

ಪಾಕಿಸ್ತಾನದ ಮರ್ರಿ ಎಂಬ ಗಿರಿಧಾಮ ಹೆಚ್ಚು ಕಡಿಮೆ ಊಟಿಯಷ್ಟೇ ಎತ್ತರದಲ್ಲಿದೆ. 2022ರ ಜನವರಿ 7ರ ರಾತ್ರಿ ಅಲ್ಲಿ ಭಾರಿ ಹಿಮ ಸುರಿದು ಪ್ರವಾಸಿಗರ ಕಾರುಗಳು ರಸ್ತೆಯಲ್ಲೇ ಸಿಕ್ಕಿಕೊಂಡವು. ಬೆಳಗಾಗುವುದರೊಳಗೆ ಮಕ್ಕಳೂ ಸೇರಿ 20ಕ್ಕೂ ಹೆಚ್ಚು ಜನ ಕಾರುಗಳಲ್ಲೇ ಸತ್ತಿದ್ದರು. ಅವರಲ್ಲಿ ಹಲವರನ್ನು ಕೊಂದದ್ದು ಚಳಿಯಲ್ಲ, ಹೀಟರಿಗಾಗಿ ಓಡುತ್ತಿದ್ದ ಎಂಜಿನ್ನಿನ ಹೊಗೆ ಎಂದು ವರದಿಯಾಯಿತು. ಹಿಮ ಹೊಗೆಕೊಳವೆಯ ಬಾಯನ್ನು ಮುಚ್ಚಿದರೆ ಅನಿಲ ಕಾರಿನ ಅಡಿಯಲ್ಲಿ ಹರಡಿ ಸಂದುಗೊಂದುಗಳಿಂದ ಒಳಗೆ ನುಗ್ಗುತ್ತದೆ.

ನೀಲಗಿರಿಯಲ್ಲಿ ಅಂಥ ಹಿಮ ಬೀಳುವುದಿಲ್ಲವೆಂದು ನೆಮ್ಮದಿಪಡಬೇಕಾಗಿಲ್ಲ. ಕಾರಿನ ಹಿಂಭಾಗವನ್ನು ಮಣ್ಣಿನ ದಿಬ್ಬಕ್ಕೆ ಒತ್ತಿ ನಿಲ್ಲಿಸುವುದು, ಗಾಳಿ ತಪ್ಪಿಸಲು ಮುಚ್ಚಿದ ಶೆಡ್ಡಿನಲ್ಲಿ ಇಡುವುದು, ಹಿಂಬಾಗಿಲು ತೆರೆದು ಅದಕ್ಕೆ ಗುಡಾರ ಕಟ್ಟುವುದು, ಇವೆಲ್ಲ ಹಿಮ ಮಾಡುವ ಕೆಲಸವನ್ನೇ ಮಾಡುತ್ತವೆ. ಗೇಟಿನ ಬಳಿಯ ಸಾಲಿನಲ್ಲಿ ನಮ್ಮ ಎಂಜಿನ್ ನಿಂತಿದ್ದರೂ ಮುಂದಿನ ವಾಹನದ್ದು ಓಡುತ್ತಿರಬಹುದು. ಚಳಿಗೆ ಕೆಂಡದ ಒಲೆಯನ್ನು ಕಾರಿನೊಳಗೋ ಗುಡಾರದೊಳಗೋ ಇಟ್ಟುಕೊಳ್ಳುವವರ ಮಾತನ್ನಂತೂ ಕೇಳಲೇಬಾರದು. ಕೆಂಡವೂ ಇದೇ ಅನಿಲವನ್ನು ಕೊಡುತ್ತದೆ, ಅದಕ್ಕೆ ಪರಿವರ್ತಕವೂ ಇಲ್ಲ.

ಹಾಗಾದರೆ ಕಾರಿನಲ್ಲಿ ಮಲಗಲೇಬಾರದೆ? ಮಲಗಬಹುದು, ಕಾರನ್ನು ಒಂದು ಗಟ್ಟಿ ಗುಡಾರವೆಂದು ಮಾತ್ರ ತಿಳಿದು. ಕಾಡಿನ ರಸ್ತೆಯಲ್ಲಿ ನಿಲ್ಲಿಸುವಂತಿಲ್ಲ, ಆ ಮಾತು ಬೇರೆ. ಜನವಸತಿ ಇರುವ ಬಯಲು ಜಾಗದಲ್ಲಿ ನಿಲ್ಲಿಸಿ, ಮಲಗುವ ಮೊದಲು ಎಚ್ಚರದಲ್ಲಿದ್ದುಕೊಂಡೇ ಕಾರನ್ನು ಬೆಚ್ಚಗೆ ಮಾಡಿ, ಆಮೇಲೆ ಪೂರ್ತಿ ಆರಿಸಬೇಕು. ಸದ್ದಿಲ್ಲವೆಂದರೆ ಆರಿದೆ ಎಂದರ್ಥವಲ್ಲ. ಮುಂಭಾಗದ ಫಲಕದಲ್ಲಿ 'ರೆಡಿ' ದೀಪ ನಂದಿದೆಯೇ ಎಂದು ಕಣ್ಣಾರೆ ನೋಡಬೇಕು. ಅಮೆರಿಕದಲ್ಲಿ ಕೀಲಿ ತಿರುಗಿಸಬೇಕಿಲ್ಲದ ಕಾರುಗಳನ್ನು ಆರಿಸಿದ್ದೇವೆಂದು ನಂಬಿ ಮನೆಗೆ ಹೊಂದಿದ ಗ್ಯಾರೇಜಿನಲ್ಲಿ ಬಿಟ್ಟು ಮಲಗಿ ಸತ್ತವರಿದ್ದಾರೆ. ಚಳಿಗೆ ಕಂಬಳಿಯೇ ಮದ್ದು. ಮೈಮೇಲೆ ಎಷ್ಟೋ ಕೆಳಗೂ ಅಷ್ಟು ಹಾಸಬೇಕು, ತಲೆಗೆ ಉಣ್ಣೆಯ ಟೋಪಿ, ಗಾಜುಗಳಿಗೆ ಒಳಗಿನಿಂದ ದಪ್ಪ ಬಟ್ಟೆ, ಕಾಲ ಬಳಿ ಬಿರಡೆ ಬಿಗಿದ ಬಿಸಿನೀರಿನ ಸೀಸೆ. ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಗಂಟೆಯೂ ಸಿಗುತ್ತದೆ, ಅಂಗೈಯಷ್ಟು ದೊಡ್ಡದು. ಯಾರಾದರೂ ತಲೆನೋವೆಂದು ಎದ್ದರೆ ಕಾರಣ ಚರ್ಚಿಸುತ್ತ ಕೂರದೆ ಎಲ್ಲರನ್ನೂ ಬಯಲಿಗೆ ಇಳಿಸಿ 108ಕ್ಕೆ ಕರೆ ಮಾಡಬೇಕು.

ಎರಡು ಬದಿಯ ಗಾಜುಗಳನ್ನು ಒಂದು ಬೆರಳಿನಷ್ಟು ಇಳಿಸಿಡಲು ಮರೆಯಬಾರದು. ಇದು ಉಸಿರಿಗೆ ಮಾತ್ರವಲ್ಲ. ಒಬ್ಬ ಮನುಷ್ಯ ಒಂದು ರಾತ್ರಿಯಲ್ಲಿ ಸಣ್ಣ ಲೋಟದಷ್ಟು ನೀರನ್ನು ಉಸಿರಿನ ಆವಿಯಾಗಿ ಬಿಡುತ್ತಾನೆ. ಗಾಜೆಲ್ಲ ಮುಚ್ಚಿದ್ದರೆ ಅದು ತಣ್ಣನೆಯ ಗಾಜಿಗೆ ತಗುಲಿ ಹನಿಯಾಗಿ ಕಂಬಳಿಗೇ ಇಳಿಯುತ್ತದೆ, ಒದ್ದೆ ಕಂಬಳಿ ಬೆಳಗಿನ ಜಾವ ನಾಲ್ಕಕ್ಕೆ ಎಲ್ಲರನ್ನೂ ಎಬ್ಬಿಸುತ್ತದೆ. ಹಾಗೆ ಎದ್ದವರೇ ಹೀಟರ್ ಹಾಕಿ ಮತ್ತೆ ಕಣ್ಣು ಮುಚ್ಚುವುದು.